ಗಾಜಿಪುರದ ಹುಣಸೆಮರ ಮುರಿದ ದಿನ

ಮೊನ್ನೆ ನಂದೂರಿನ ಬೇಳೆ ಗಿರಣಿಗಳ ದಾರಿಯಲ್ಲಿ ಆಟೋದಲ್ಲಿ ಬರುತ್ತಿದ್ದೆ. ವಿದ್ಯುತ್ ತಂತಿಗೆ ತಾಗುತ್ತದೆಂದು ರಸ್ತೆಬದಿಯ ಹುಣಸೆಮರದ ಟೊಂಗೆಗಳನ್ನು ಯಂತ್ರದ ಗರಗಸದಿಂದ ಕೊಯ್ಯುತ್ತಿದ್ದರು. ಗಾಡಿಗಳೆಲ್ಲ ನಿಂತಿದ್ದವು. ತೊಗರಿಬೇಳೆಯ ಧೂಳಿನ ನಡುವೆಯೂ ಹಸಿ ಹುಣಸೆ ಕಟ್ಟಿಗೆಯ ವಾಸನೆ ನನ್ನ ತನಕ ಬಂತು. ಸ್ವಲ್ಪ ಹುಳಿ, ಸ್ವಲ್ಪ ಒಗರು, ಮಳೆಯಲ್ಲಿ ತೊಯ್ದ ಹಗ್ಗದ ಹಾಗೆ ಏನೋ ಒಂದು. ಆಟೋದವನು ಬೇಸತ್ತು ಹಾರ್ನ್ ಒತ್ತುತ್ತಿದ್ದ. ನಾನು ಪೊಲೀಸ್ ಆ್ಯಕ್ಷನ್ ಆದ ಮರುವರ್ಷದ ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ.

ಆಗ ನಾವು ಕಮಲಾಪುರದಲ್ಲಿದ್ದೆವು. ನನ್ನ ಗಂಡ ಧರ್ಮಣ್ಣ ಮರ ಹತ್ತುವವನು. ಆ ಕಾಲದಲ್ಲಿ ಗಂಡನ ಹೆಸರು ಹಿಡಿದು ಹೇಳುತ್ತಿರಲಿಲ್ಲ. ಬರೆಯುವಾಗ ಮಾತ್ರ ಆ ಸಂಕೋಚ ಬಿಟ್ಟಿದ್ದೇನೆ. ನಾನು ಅಕ್ಷರ ಕಲಿತದ್ದೂ ಬಹಳ ಆಮೇಲೆ, ವಯಸ್ಕರ ಶಾಲೆಯಲ್ಲಿ. ಮರ ಕಡಿಯುವವರು ಊರಿಗೆ ಹತ್ತು ಜನ ಸಿಗುತ್ತಿದ್ದರು. ಧರ್ಮಣ್ಣ ಮರವನ್ನು ಉಳಿಸಿ ಕೊಯ್ಯುವವನು. ಒಣಗಿದ ಟೊಂಗೆ ತೆಗೆಯುವುದು, ಮನೆಯ ಮೇಲೆ ಬಾಗಿದ್ದನ್ನು ಯಾರಿಗೂ ಪೆಟ್ಟಾಗದಂತೆ ಇಳಿಸುವುದು, ಕೊಳೆತ ಪೊಟರೆ ಕೆತ್ತಿ ಚೊಕ್ಕ ಮಾಡಿ ಜೇಡಿಮಣ್ಣು, ಸಗಣಿ ಕಲಸಿ ಮೆತ್ತುವುದು. ಮಾವಿನ ತೋಟದವರು, ಹಳೆಯ ವಾಡೆಯವರು ಅವನಿಗಾಗಿ ಹೇಳಿ ಕಳಿಸುತ್ತಿದ್ದರು.

ಈ ಕೆಲಸ ಒಬ್ಬನಿಂದ ಆಗುವುದಲ್ಲ. ಮೇಲೆ ಹತ್ತಿದವನ ಜೀವ ಕೆಳಗೆ ಹಗ್ಗ ಹಿಡಿದವನ ಕೈಯಲ್ಲಿರುತ್ತದೆ. ಧರ್ಮಣ್ಣನ ಹಗ್ಗ ಹಿಡಿಯುತ್ತಿದ್ದವನು ಖಾಜಾಮಿಯಾ. ನಮ್ಮ ಕೇರಿಯ ಆಚೆಯೇ ಅವನ ಮನೆ. ಹೆಂಡತಿ ಮೊದಲೇ ತೀರಿಹೋಗಿದ್ದಳು. ಇದ್ದವಳು ಒಬ್ಬಳೇ ಅಕ್ಕ, ಕಲಬುರಗಿಯ ಗಾಜಿಪುರದಲ್ಲಿ. ಗಲಾಟೆಯ ದಿನಗಳು ಹತ್ತಿರ ಬಂದಾಗ ಖಾಜಾ, “ಅಕ್ಕ ಒಬ್ಬಾಕಿನೇ ಅದಾಳ, ನಾ ಹೋಗ್ತೀನಿ” ಅಂದ. ಧರ್ಮಣ್ಣ ಬಂಡಿ ಹೂಡಿ ಅವನನ್ನು ತಾಜಸುಲ್ತಾನಪುರದ ತನಕ ಬಿಟ್ಟುಬಂದ. ಅಲ್ಲಿಂದ ಮುಂದೆ ಬಂಡಿ ಬೇಡ, ನಡೆದೇ ಹೋಗುತ್ತೇನೆಂದು ಖಾಜಾನೇ ಇಳಿದನಂತೆ. ಎಲ್ಲ ತಣ್ಣಗಾದ ಮೇಲೆ ಧರ್ಮಣ್ಣ ಗಾಜಿಪುರಕ್ಕೆ ಹೋದರೆ ಮನೆಗೆ ಬೀಗ. ಅಕ್ಕಪಕ್ಕದವರಿಗೆ ಗೊತ್ತಿಲ್ಲ. ಪಟ್ಟಣಕ್ಕೆ ಹೋದಾಗಲೆಲ್ಲ ಆ ಓಣಿಗೆ ಹೋಗಿ ಬೀಗ ನೋಡಿ ಬರುತ್ತಿದ್ದ.

ಕೆಲವು ತಿಂಗಳು ಮರವನ್ನೇ ಹತ್ತಲಿಲ್ಲ. ಬೇರೆಯವರ ಕೈಯಲ್ಲಿ ಹಗ್ಗ ಕೊಟ್ಟು ಹತ್ತಲಾರೆ ಅಂದ. ಕೂಲಿಗೆ ಹೋದ, ಕಲ್ಲು ಒಡೆದ. ಕೊನೆಗೆ ಒಂದು ದಿನ ನಾನೇ ಹಗ್ಗ ತೆಗೆದುಕೊಂಡು ಅವನ ಮುಂದೆ ಇಟ್ಟೆ. “ನಾ ಹಿಡೀತೀನಿ. ಕಲಿಸು” ಅಂದೆ. ಅವನು ನಗಲಿಲ್ಲ, ಬೇಡವೆನ್ನಲೂ ಇಲ್ಲ. ಹಿತ್ತಿಲಿನ ಬೇವಿನ ಮರಕ್ಕೆ ಹಗ್ಗ ಹಾಕಿ, ಕಲ್ಲು ಕಟ್ಟಿ, ಅದನ್ನು ಇಳಿಸುವುದು, ತಡೆಯುವುದು, ಮತ್ತೆ ಇಳಿಸುವುದು ಹೇಗೆಂದು ಕಲಿಸಿದ. ಹೀಗೆ ನಾನು ಖಾಜಾಮಿಯಾನ ಜಾಗಕ್ಕೆ ಬಂದೆ. ಹೆಂಗಸು ಹಗ್ಗ ಹಿಡಿಯುತ್ತಾಳೆಂದು ನೋಡಲಿಕ್ಕೇ ಮಂದಿ ಸೇರುತ್ತಿದ್ದರು.

ಆ ವರ್ಷದ ಮಳೆ ಸುಮ್ಮನೆ ಬೀಳುತ್ತಿರಲಿಲ್ಲ, ಗಾಳಿಯನ್ನು ಕಟ್ಟಿಕೊಂಡು ಬರುತ್ತಿತ್ತು. ಒಂದು ರಾತ್ರಿ ಬೀಸಿದ ಗಾಳಿಗೆ ಕಮಲಾಪುರದ ಕೆಂಪು ಬಾಳೆಯ ತೋಟಗಳೆಲ್ಲ ಅಡ್ಡಬಿದ್ದವು. ಬೆಳಗಾಗುವ ಮೊದಲೇ ತೋಟದ ಗೌಡರೊಬ್ಬರು ಮನೆ ಮುಂದೆ ಬಂದು ನಿಂತಿದ್ದರು. “ಧರ್ಮಾ, ಮಾವಿನ ಟೊಂಗಿ ಮುರ್ದು ಬಾವಿ ಮ್ಯಾಲ ಜೋತಾಡಾಕತ್ತದ. ನೀರಿಗಿ ಹ್ವಾದ ಹೆಣ್ಮಕ್ಕಳ ತಲಿ ಮ್ಯಾಲ ಬಿದ್ರ ಗತಿಯೇನು” ಅಂದರು. ಚಹಾ ಕೂಡ ಕುಡಿಯದೆ ಹೊರಟೆವು. ಆ ಟೊಂಗೆ ಇಳಿಸಿ, ಗೊನೆ ಹೊತ್ತು ಬಾಗಿದ ಬಾಳೆಗಳಿಗೆ ಊರೆಗೋಲು ಕೊಟ್ಟು ಮುಗಿಸುವಷ್ಟರಲ್ಲಿ ಊರಿನಿಂದ ಇನ್ನೊಂದು ಕರೆ ಬಂತು. ಕಲಬುರಗಿಯ ರಸ್ತೆಗೆ ಅಡ್ಡಲಾಗಿ ದೊಡ್ಡದೊಂದು ಬೇವಿನ ಮರ ಬಿದ್ದಿದೆ, ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ ನಿಂತುಬಿಟ್ಟಿದ್ದಾರೆ.

ಆ ಮರವನ್ನು ಉಳಿಸುವ ಮಾತಿರಲಿಲ್ಲ, ಬೇರುಸಮೇತ ಮಲಗಿತ್ತು. ಧರ್ಮಣ್ಣ ಕೊಡಲಿ ತೆಗೆದುಕೊಂಡ. ನಿಂತವರಲ್ಲಿ ಗಟ್ಟಿಯಾದವರು ಅಂಗಿ ಕಳಚಿ ಕೈಹಚ್ಚಿದರು. ಕಲಬುರಗಿಯಿಂದ ಬಂದು ಆ ಕಡೆ ನಿಂತಿದ್ದ ಸರಕಾರಿ ಬಸ್ಸಿನ ಡ್ರೈವರ್, ದಪ್ಪ ಮೀಸೆಯ ದೊಡ್ಡ ಮನುಷ್ಯ, ಟೊಂಗೆಗಳ ನಡುವೆ ನುಸುಳಿ ಈ ಕಡೆ ಬಂದ. “ಇಲ್ಲಿ ಗಿಡಾ ಇಳಿಸೋ ಧರ್ಮಣ್ಣ ಅಂಬಾವ್ರು ಯಾರ್ರಿ?” ಎಂದು ಕೇಳಿದ.

“ನಾನೇರಿ” ಎಂದ ಧರ್ಮಣ್ಣ.

“ನಸುಕಿನ್ಯಾಗ ಬಸ್ಸು ಬಿಡೂ ಮುಂದ ಒಬ್ಬ ಹೆಣ್ಮಗಳು ಓಡಿ ಬಂದಿದ್ಲು. ಗಾಜಿಪುರದಾಗ ಹುಣಸಿ ಗಿಡ ಸೀಳ್ಯದ, ಮನಿ ಮ್ಯಾಲ ಕುಂತದ, ಕಮಲಾಪುರದ ಧರ್ಮಣ್ಣಗ ಜಲ್ದಿ ಬಾ ಅಂತ ಹೇಳ್ರಿ ಅಂದ್ಲು. ಹೆಸರು ಕೇಳಿದ್ರ ಹೇಳಲಿಲ್ಲ. ಹುಣಸಿ ಗಿಡ ಅಂದ್ರ ಅವನಿಗಿ ಗೊತ್ತಾಗ್ತದ ಅಂದ್ಲು.”

ಧರ್ಮಣ್ಣ ಎತ್ತಿದ ಕೊಡಲಿಯನ್ನು ಹಾಗೆಯೇ ನೆಲಕ್ಕೆ ಇಳಿಸಿದ. ಗಾಜಿಪುರದಲ್ಲಿ ನಮಗೆ ಗೊತ್ತಿದ್ದ ಹುಣಸೆಮರ ಒಂದೇ. ಅದು ಖಾಜಾನ ಅಕ್ಕ ಹಲೀಮಾಬಿಯ ಮನೆಯ ಮುಂದಿನದು. ಮಳೆಗಾಲ ಹಿಡಿದ ಮೇಲೆ ನಾವು ಪಟ್ಟಣಕ್ಕೆ ಹೋಗಿರಲಿಲ್ಲ.

“ಬೀಗ ತಗದಾರ” ಅಂದ ನನ್ನ ಕಡೆ ನೋಡಿ. ಅಷ್ಟೇ.

ನನಗೆ ಸಂತೋಷಪಡಲು ಭಯವಾಯಿತು. ಅಕ್ಕ ಬಂದಿದ್ದಾಳೆ, ಸರಿ. ಅವನೂ ಬಂದಿದ್ದರೆ ಅವನೇ ಹೇಳಿ ಕಳಿಸುತ್ತಿದ್ದನಲ್ಲ? ಅಕ್ಕ ತಾನೇ ಬಸ್‌ಸ್ಟ್ಯಾಂಡಿಗೆ ಯಾಕೆ ಓಡಿಬರಬೇಕಿತ್ತು? ಈ ಪ್ರಶ್ನೆ ಧರ್ಮಣ್ಣನ ತಲೆಯಲ್ಲೂ ಇತ್ತೆಂದು ಅವನು ಕೊಡಲಿ ಬೀಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬೆವರು ಕೂಡ ಒರೆಸಿಕೊಳ್ಳುತ್ತಿರಲಿಲ್ಲ. ದಾರಿ ಬಿಡಿಸಿದ ಕೂಡಲೇ ಬಾಳೆಗೊನೆ ತುಂಬಿಕೊಂಡು ನಿಂತಿದ್ದ ಲಾರಿಯೊಂದಕ್ಕೆ ಹತ್ತಿದೆವು. ಕೆಂಪು ಗೊನೆಗಳ ನಡುವೆ ಗರಗಸ, ಹಗ್ಗದ ಸುರುಳಿ, ನಾವಿಬ್ಬರು. ತಾಜಸುಲ್ತಾನಪುರ ದಾಟುವಾಗ ಧರ್ಮಣ್ಣ ರಸ್ತೆಯ ಕಡೆ ನೋಡಲಿಲ್ಲ.

ಗಾಜಿಪುರ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು, ಆದರೆ ಮೋಡದಲ್ಲಿ ಸೂರ್ಯ ಎಲ್ಲಿದ್ದಾನೆಂದು ಕಾಣುತ್ತಿರಲಿಲ್ಲ. ಓಣಿಯ ತುಂಬ ಮಂದಿ. ಹುಣಸೆಮರದ ಎರಡು ದೊಡ್ಡ ಕವಲುಗಳಲ್ಲಿ ಒಂದು ಬುಡದ ಹತ್ತಿರ ಸೀಳಿ, ಹಲೀಮಾಬಿಯ ಮನೆಯ ಮುಂದಿನ ಕೋಣೆಯ ತಗಡಿನ ಮೇಲೆ ಒರಗಿತ್ತು. ಅಂಗೈ ಅಗಲದ ಸಿಬಿರು ಮಾತ್ರ ಅದನ್ನು ಮರಕ್ಕೆ ಹಿಡಿದಿತ್ತು. ರೆಂಬೆಗಳು ಬಾಗಿಲನ್ನು ಮುಚ್ಚಿಬಿಟ್ಟಿದ್ದವು. ಗಾಳಿ ಬೀಸಿದಾಗಲೆಲ್ಲ ತಗಡು ಕಿರುಗುಟ್ಟುತ್ತಿತ್ತು. ಮುಟ್ಟಿದರೆ ಪೂರ್ತಿ ಕುಸಿಯುತ್ತದೆಂದು ಯಾರೂ ಹತ್ತಿರ ಹೋಗಿರಲಿಲ್ಲ.

ಹಲೀಮಾಬಿ ನಮ್ಮನ್ನು ಕಂಡು ಓಡಿಬಂದಳು. ವರ್ಷದಲ್ಲಿ ಹತ್ತು ವರ್ಷ ಕಳೆದವಳ ಹಾಗಿದ್ದಳು. “ಒಳಗ ಅದಾನ” ಅಂದಳು. “ಕಾಲು ಮುರಕೊಂಡು ಬಂದಾನ. ಎದ್ದೇಳಾಕ ಬರಲ್ಲ. ನಸುಕಿಗಿ ಮೊದಲ ನಾ ನೀರಿಗಿ ಹ್ವಾದಾಗ ಗಿಡ ಬಿತ್ತು.”

ಧರ್ಮಣ್ಣ ಕಿಟಕಿಯ ಹತ್ತಿರ ಹೋದ. ಕಬ್ಬಿಣದ ಸರಳುಗಳ ಆಚೆ ಕತ್ತಲು.

“ಖಾಜಾ” ಅಂದ.

ಒಳಗೆ ಮಂಚ ಅಲುಗಿದ ಸದ್ದಾಯಿತು. ಆಮೇಲೆ ಅದೇ ಒಡಕು ದನಿ: “ತಡಾ ಮಾಡಿದಿ, ಧರ್ಮಾ.”

“ಹಾದ್ಯಾಗ ಬೇವಿನ ಗಿಡ ಬಿದ್ದಿತ್ತು.”

ವರ್ಷದ ಮೇಲೆ ಕೂಡಿದವರು ಆಡಿದ ಮಾತು ಇಷ್ಟೇ. ನಾನು ಹಿಂದೆ ನಿಂತು ಕೇಳಿದೆ. ಧರ್ಮಣ್ಣ ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದ, ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಕೆಲಸದ ಮಾತು ಬಂತು. ಸೀಳಿದ ಕವಲಿಗೆ ಹಗ್ಗ ಕಟ್ಟಿ, ಅದನ್ನು ಮೇಲಿನ ಗಟ್ಟಿ ಕವಲಿನ ಮೇಲಿಂದ ಹಾಯಿಸಿ, ಕೆಳಗೆ ಎಲ್ಲಾದರೂ ಅಲುಗದ ಜಾಗಕ್ಕೆ ಸುತ್ತಿ ಹಿಡಿಯಬೇಕು. ಭಾರವೆಲ್ಲ ಹಗ್ಗಕ್ಕೆ ಬಂದ ಮೇಲೆ ಸಿಬಿರು ಕೊಯ್ದರೆ ಕವಲು ತಗಡು ಬಿಟ್ಟು ಮರದ ಪಕ್ಕಕ್ಕೆ ತೂಗಿ ನಿಲ್ಲುತ್ತದೆ. ಓಣಿಯವರು ತಾವೇ ಹಗ್ಗ ಜಗ್ಗಿ ಹಿಡಿಯುತ್ತೇವೆಂದರು. ಧರ್ಮಣ್ಣ ಒಪ್ಪಲಿಲ್ಲ. ಒಬ್ಬನ ಕಾಲು ಜಾರಿದರೆ ಎಲ್ಲರೂ ಜಾರುತ್ತಾರೆ. ಅವನ ಕಣ್ಣು ಪಕ್ಕದ ಮನೆಯ ತೆರೆದ ಬಾಗಿಲಿನ ಮೇಲಿತ್ತು. ಒಳಗೆ ಅಂಗಳ, ಅಂಗಳದ ಆಚೆ ಪಡಸಾಲೆ, ಪಡಸಾಲೆಗೆ ಕಲ್ಲಿನ ಕಂಬ. ಮರಕ್ಕೆ ನೇರ ಎದುರು.

ಅದು ಅಂಬಕ್ಕನ ಮನೆ. ವೈಷ್ಣವರು, ಮಠದ ಪೂಜೆ ಮಾಡುವ ಮನೆತನ, ಮರಾಠಿ ಕನ್ನಡ ಎರಡೂ ಆಡುವವರು. ಅಂಬಕ್ಕ ಮಡಿಸೀರೆಯಲ್ಲಿ ಬಾಗಿಲಲ್ಲೇ ನಿಂತಿದ್ದರು. ನಾವು ಯಾವ ಕೇರಿಯವರೆಂದು ಅವರಿಗೆ ಗೊತ್ತಿತ್ತು. ಆಗ ನಾವಿನ್ನೂ ಬೌದ್ಧರಾಗಿರಲಿಲ್ಲ. ಆಗಿದ್ದರೂ ಅಂಥ ಹೊಸ್ತಿಲಿನ ಮುಂದೆ ಕಾಲು ತಾನಾಗಿಯೇ ನಿಲ್ಲುವ ಕಾಲ ಅದು. ನಾನು ಹಗ್ಗದ ತುದಿ ಹಿಡಿದು ಹೊಸ್ತಿಲ ಹೊರಗೆ ನಿಂತೆ.

“ಕಂಬ ಬೇಕಾಗ್ಯದ್ರಿ, ಅವ್ವಾರ” ಅಂದೆ.

ಅಂಬಕ್ಕ ನನ್ನನ್ನು ನೋಡಿದರು. ಹಗ್ಗ ನೋಡಿದರು. ಅವರ ಮುಖದಲ್ಲಿ ಏನು ಓಡಿತೋ ನನಗೆ ತಿಳಿಯಲಿಲ್ಲ. ಆಗ ತಗಡು ಮತ್ತೊಮ್ಮೆ ಕಿರುಗುಟ್ಟಿತು, ಹಲೀಮಾಬಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಅಗ ಬಾಯಿ, ನಿಂತಿ ಯಾಕ?” ಅಂದರು ಅಂಬಕ್ಕ. “ಒಳಗ ಬಾ. ಲವ್ಕರ್ ಬಾ, ಜಲ್ದಿ.”

ಒಳಗೆ ಹೋದೆ. ಕಂಬಕ್ಕೆ ಹಗ್ಗ ಸುತ್ತಿದೆ. ಅಲ್ಲಿ ನಿಂತ ಮೇಲೆ ಒಂದು ತೊಂದರೆ ಗೊತ್ತಾಯಿತು. ನಡುವಿನ ಗೋಡೆಯಿಂದಾಗಿ ನನಗೆ ಕವಲಿನ ತುದಿ ಕಾಣುತ್ತಿರಲಿಲ್ಲ. ಮೇಲಿದ್ದ ಧರ್ಮಣ್ಣನಿಗೂ ಎಲೆಗಳ ಮರೆಯಲ್ಲಿ ಅದು ಕಾಣುತ್ತಿರಲಿಲ್ಲ. ಅದನ್ನು ನೋಡಬಲ್ಲವನು ಅದರ ಕೆಳಗೆ ಮಲಗಿದ್ದವನೊಬ್ಬನೇ. ಹರಿದ ತಗಡಿನ ಸಂದಿಯಲ್ಲಿ ಕವಲಿನ ತುದಿ ಖಾಜಾನ ಮುಖದ ಮೇಲೆಯೇ ಇತ್ತು.

“ಹಗ್ಗ ಯಾರು ಹಿಡ್ಯಾವ್ರು?” ಎಂದು ಅವನು ಕೂಗಿ ಕೇಳಿದ.

“ನಾಗಿ ಹಿಡೀತಾಳ” ಎಂದ ಧರ್ಮಣ್ಣ ಮರದ ಮೇಲಿಂದ.

“ನಾಗವ್ವ?”

“ನೀ ಹ್ವಾದಾಗಿಂದ ಆಕಿನೇ ಹಿಡ್ಯಾಕತ್ತಾಳ.”

ನನಗೆ ಯಾಕೋ ನಾಚಿಕೆಯಾಯಿತು, ಇನ್ನೊಬ್ಬರ ಚಪ್ಪಲಿ ಮೆಟ್ಟಿ ನಿಂತಾಗ ಮಾಲೀಕನೇ ಎದುರು ಬಂದ ಹಾಗೆ. ಆಮೇಲೆ ಗೋಡೆಯ ಆಚೆಯಿಂದ ಖಾಜಾನ ದನಿ ಬಂತು. “ನಾಗವ್ವ, ಹಗ್ಗದ ಕಡಿ ನೋಡಬ್ಯಾಡ. ನನ್ನ ದನಿ ಕೇಳು. ನಾ ಬಿಡು ಅಂದ್ರ ಬಿಡು, ಬಸ್ ಅಂದ್ರ ಬಿಗಿ. ಬ್ಯಾರೆ ಯಾರ ಮಾತೂ ಕೇಳಬ್ಯಾಡ.”

ಧರ್ಮಣ್ಣ ಮೊದಲು ಸಣ್ಣ ರೆಂಬೆಗಳನ್ನು ಕೊಯ್ದು ಭಾರ ಇಳಿಸಿದ. ಒಂದೊಂದು ರೆಂಬೆ ಬಿದ್ದಾಗಲೂ ಕವಲು ಒಂಚೂರು ಹೊರಳುತ್ತಿತ್ತು, ಖಾಜಾ ಒಳಗಿನಿಂದ ಹೇಳುತ್ತಿದ್ದ: ಎದ್ದಿತು, ಕುಂತಿತು, ಎಡಕ್ಕೆ ಬಂತು. ಅವನ ದನಿಯಲ್ಲಿ ಗಾಬರಿಯಿರಲಿಲ್ಲ. ಬೇರೆ ಯಾರದೋ ಮನೆಯ ಮರದ ಬಗ್ಗೆ ಹೇಳಿದ ಹಾಗೆ ಹೇಳುತ್ತಿದ್ದ. ಹಗ್ಗ ಬಿಗಿಯಾಗುತ್ತ ಬಂತು. ಕಲ್ಲಿನ ಮೇಲೆ ಅದು ಉಜ್ಜುವ ಸದ್ದು ನನ್ನ ಹಲ್ಲಿನಲ್ಲಿ ಕೇಳುತ್ತಿತ್ತು.

ಸಿಬಿರಿಗೆ ಗರಗಸ ಹಾಕುವ ಹೊತ್ತಿಗೆ ಮತ್ತೆ ಮಳೆ ಬಂತು. ಕಾಯೋಣವೆಂದರೆ ಗಾಳಿಯೂ ಎದ್ದಿತ್ತು. ಧರ್ಮಣ್ಣ ಕೊಯ್ಯತೊಡಗಿದ. ಕೊನೆಯ ಎಳೆ ಪಟ್ಟನೆ ಹರಿದಾಗ ಇಡೀ ಕವಲಿನ ಭಾರ ಒಮ್ಮೆಲೇ ಹಗ್ಗಕ್ಕೆ ಬಂತು. ತೊಯ್ದ ಹಗ್ಗ ಕಂಬದ ಮೇಲೆ ಜಾರಿತು. ನನ್ನ ಅಂಗೈ ಉರಿಯಿತು. ನಾನು ಹಿಮ್ಮಡಿ ಊರಿ ಹಿಂದಕ್ಕೆ ಒರಗಿದೆ. ಅದು ನನ್ನನ್ನೇ ಕಂಬದ ಕಡೆ ಎಳೆಯತೊಡಗಿತು.

“ಬಸ್” ಎಂದ ಖಾಜಾ. ಮತ್ತೆ, “ಬಸ್, ನಾಗವ್ವ, ಬಸ್.” ಮೊದಲ ಸಲ ಅವನ ದನಿಯಲ್ಲಿ ಗಾಬರಿ ಕೇಳಿಸಿತು.

ಆಗ ನನ್ನ ಹಿಂದೆ ಯಾರೋ ಹಗ್ಗ ಹಿಡಿದರು. ತಿರುಗಿ ನೋಡುವ ಹಾಗಿರಲಿಲ್ಲ. ಬಳೆಯಿಲ್ಲದ ಎರಡು ಮುದಿ ಕೈಗಳು ನನ್ನ ಕೈಗಳ ಪಕ್ಕದಲ್ಲೇ ಬಂದು ಮುಷ್ಟಿ ಕಟ್ಟಿದವು. ಅಂಬಕ್ಕನ ಮಡಿಸೀರೆ ನನ್ನ ಬೆನ್ನಿಗೆ ತಾಗಿತು. ಅವರ ಉಸಿರು ನನ್ನ ಕಿವಿಯಲ್ಲಿ ಕೇಳುತ್ತಿತ್ತು. ಹಗ್ಗ ನಿಂತಿತು. ಅವರು ಹಿಡಿದಿರುವಾಗಲೇ ನಾನು ಉಳಿದ ತುದಿಯನ್ನು ಕಂಬಕ್ಕೆ ಇನ್ನೊಂದು ಸುತ್ತು ಹಾಕಿದೆ. ಆಮೇಲೆ ಅದು ಜಾರಲಿಲ್ಲ.

“ಎದ್ದಿತು” ಎಂದ ಖಾಜಾ, ಬಹಳ ಮೆಲ್ಲಗೆ. “ತಗಡು ಬಿಟ್ಟಿತು. ಹೊರಗ ಹೊಂಟಿತು. ನನಗೀಗ ಮುಗಲು ಕಾಣಾಕತ್ತದ.”

ಆಮೇಲೆ ಇಳಿಸುವುದು ಮಾತ್ರ ಉಳಿದಿತ್ತು. ಸ್ವಲ್ಪ ಬಿಡು, ನಿಲ್ಲು, ಸ್ವಲ್ಪ ಬಿಡು. ಕವಲು ಓಣಿಯ ಕೆಸರಿನಲ್ಲಿ ಮೆತ್ತಗೆ ಕೂತಿತು. ಓಣಿಯವರು ರೆಂಬೆಗಳನ್ನು ಎಳೆದು ಬಾಗಿಲು ಬಿಡಿಸಿದರು. ನಾನು ಹೊರಗೆ ಬಂದಾಗ ಧರ್ಮಣ್ಣ ಮರದಿಂದ ಇಳಿದು ಒಳಗೆ ಹೋಗಿಬಿಟ್ಟಿದ್ದ. ನಾಲ್ಕು ಜನ ಮಂಚವನ್ನು ಹೊರಗೆ ತಂದರು. ಖಾಜಾ ಒಣಗಿ ಕಡ್ಡಿಯಾಗಿದ್ದ, ಗಡ್ಡ ಬೆಳೆದಿತ್ತು, ಒಂದು ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿತ್ತು. ಮಳೆ ಮುಖದ ಮೇಲೆ ಬೀಳುತ್ತಿದ್ದರೂ ಕಣ್ಣು ಮುಚ್ಚಲಿಲ್ಲ. ಧರ್ಮಣ್ಣ ತನ್ನ ತಲೆಯ ರುಮಾಲು ಬಿಚ್ಚಿ ಅವನಿಗೆ ಹೊದಿಸಿದ. ರುಮಾಲೂ ತೊಯ್ದೇ ಇತ್ತು.

ಅಂಬಕ್ಕ ಎಲ್ಲರನ್ನೂ ತಮ್ಮ ಪಡಸಾಲೆಗೆ ಕರೆದರು. ಮಂಚವೂ ಅಲ್ಲಿಗೇ ಬಂತು. ನನ್ನ ಅಂಗೈ ಸುಲಿದಿತ್ತು. ಅವರೇ ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದರು. ಅವರ ಕೈಯೂ ಕೆಂಪಾಗಿತ್ತು. “ನಿಮಗೂ ಹಚ್ಚಲೇನ್ರಿ?” ಎಂದು ಕೇಳಿದೆ. ಅವರು ಕೈ ಮುಂದೆ ಮಾಡಿದರು. ಮರುದಿನ ಅವರ ಮನೆಯಲ್ಲಿ ಇದಕ್ಕೆ ಏನಾಯಿತೋ ನನಗೆ ಗೊತ್ತಿಲ್ಲ. ಆ ದಿನ ಮಾತ್ರ ರೊಟ್ಟಿ, ಪುಂಡಿಪಲ್ಯ, ಬಿಸಿ ಚಹಾ ಎಲ್ಲ ಆ ಪಡಸಾಲೆಯಲ್ಲೇ ಆಯಿತು.

ಖಾಜಾ ತನ್ನ ಕಥೆ ಹೇಳಿದ. ಗಲಾಟೆಯ ದಿನಗಳಲ್ಲಿ ಅಕ್ಕನನ್ನು ಕರೆದುಕೊಂಡು ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿದ್ದ. ಅಲ್ಲಿ ಕಟ್ಟಿಗೆ ಅಡ್ಡೆಯಲ್ಲಿ ಕೆಲಸ ಸಿಕ್ಕಿತ್ತು. ಒಂದು ದಿನ ದಿಮ್ಮಿ ಉರುಳಿ ಕಾಲು ಮುರಿಯಿತು. ಕೆಲಸ ಹೋದ ಮೇಲೆ ಊರಿಗೆ ಮರಳಿದರು. ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ.

“ಯಾಕ ಹೇಳಿ ಕಳಿಸಲಿಲ್ಲ?” ಎಂದ ಧರ್ಮಣ್ಣ.

“ಅಲ್ಲಿಂದ ಇಬ್ಬರ ಕೈಲಿ ಹೇಳಿ ಕಳಿಸಿದ್ದೆ. ಮುಟ್ಟಲಿಲ್ಲ ಕಾಣ್ತದ. ಆಮ್ಯಾಲ ನಾನೇ ಸುಮ್ಮನಾದೆ. ಮುರದ ಕಾಲಿನವ ಬಂದು ನಿನಗ್ಯಾಕ ಭಾರ ಆಗಲಿ ಅಂದೆ.”

“ಭಾರ ಇಳಿಸಾದೇ ನನ್ನ ಕೆಲಸ” ಎಂದ ಧರ್ಮಣ್ಣ. ಖಾಜಾ ನಕ್ಕ. ಅವನು ನಕ್ಕಿದ್ದನ್ನು ಕಂಡು ಹಲೀಮಾಬಿ ಅತ್ತಳು.

ಹೊರಗೆ ಓಣಿಯವರು ಮರವನ್ನು ಪೂರ್ತಿ ಕಡಿದುಹಾಕಬೇಕೆಂದು ಮಾತಾಡುತ್ತಿದ್ದರು. ಧರ್ಮಣ್ಣ ಮತ್ತೆ ಹತ್ತಿದ. ಸೀಳಿದ ಜಾಗವನ್ನು ಉಳಿಯಿಂದ ನುಣುಪು ಮಾಡಿದ, ಉಳಿದ ಕವಲನ್ನು ಬಡಿದು ಬಡಿದು ನೋಡಿದ, ಎರಡು ಟೊಂಗೆ ತೆಗೆದು ಅದರ ಭಾರ ಕಡಿಮೆ ಮಾಡಿದ. ನಾನು ಜೇಡಿಮಣ್ಣು, ಸಗಣಿ ಕಲಸಿ ಬುಟ್ಟಿಯಲ್ಲಿ ಮೇಲೆ ಕಳಿಸಿದೆ. ಸುಲಿದ ಕೈಯಲ್ಲಿ ಮಣ್ಣು ಕಲಸುವಾಗ ಉರಿಯುತ್ತಿತ್ತು, ಆದರೆ ಮನಸ್ಸಿಗೆ ಅದು ಮುಟ್ಟುತ್ತಿರಲಿಲ್ಲ. ಕೆಳಗಿಳಿದು ಧರ್ಮಣ್ಣ, “ಬದಕ್ತದ. ಈ ವರ್ಷ ಕಾಯಿ ಕೇಳಬ್ಯಾಡ್ರಿ” ಎಂದ. ಓಣಿಯವರು ಹೆಚ್ಚು ವಾದ ಮಾಡಲಿಲ್ಲ.

ದಸರೆಯ ಹೊತ್ತಿಗೆ ಖಾಜಾಮಿಯಾ ಕಮಲಾಪುರಕ್ಕೆ ಬಂದ. ಕಾಲು ಕೂಡಿತು, ಆದರೆ ಗಿಡ್ಡವಾಯಿತು. ಮೊದಲ ದಿನ ನಾನು ಹಗ್ಗವನ್ನು ಅವನ ಮುಂದೆ ಇಟ್ಟೆ. ಅವನು ಒಂದು ತುದಿ ತೆಗೆದುಕೊಂಡು ಇನ್ನೊಂದನ್ನು ನನ್ನ ಕಡೆ ತಳ್ಳಿದ. ಆಮೇಲೆ ಬಹಳ ವರ್ಷ ನಾವು ಮೂವರೂ ಕೆಲಸಕ್ಕೆ ಹೋದೆವು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಕೆಲವು ಕಾಲ.

ಆದರೆ ನನಗೆ ಹೆಚ್ಚು ನೆನಪಿರುವುದು ಆ ದಿನದ ಸಂಜೆ. ಬಸ್‌ಸ್ಟ್ಯಾಂಡಿಗೆ ಬಂದರೆ ಬೆಳಗಿನ ಅದೇ ಡ್ರೈವರ್ ಕೊನೆಯ ಬಸ್ಸಿಗೆ ನಿಂತಿದ್ದ. “ಗಿಡ ಏನಾತ್ರಿ?” ಎಂದ. “ಇಳೀತ್ರಿ” ಎಂದೆ. “ಮನ್ಯಾಗಿನವ್ರು?” “ಎಲ್ಲಾರೂ ಅದಾರ್ರಿ” ಅಂದೆ. ಹಿಂದೆ ಹೋಗಬೇಡಿ, ಮುಂದಿನ ಸೀಟಿನಲ್ಲಿ ಕೂತುಕೊಳ್ಳಿ ಎಂದು ಡ್ರೈವರ್ ಹೇಳಿದ.

ಬಸ್ಸು ಊರು ಬಿಡುವ ಮೊದಲೇ ಧರ್ಮಣ್ಣ ನಿದ್ದೆ ಹೋದ. ಮೊದಲು ಕಿಟಕಿಗೆ ಒರಗಿದ್ದ ತಲೆ ಹೊರಳಿ ನನ್ನ ಹೆಗಲಿಗೆ ಬಂತು. ಅಷ್ಟು ಮಂದಿಯ ಎದುರು ಗಂಡ ಹಾಗೆ ಒರಗುವುದು ಆ ಕಾಲಕ್ಕೆ ನಡೆಯುವ ಮಾತಲ್ಲ. ನಾನು ಸರಿಸಲಿಲ್ಲ. ಅವನ ಕೂದಲಲ್ಲಿ ಮರದ ಪುಡಿ, ಹುಣಸೆಯ ಸಣ್ಣ ಎಲೆಗಳು ಅಂಟಿಕೊಂಡಿದ್ದವು. ಬಾಯಿ ಸ್ವಲ್ಪ ತೆರೆದಿತ್ತು. ಆ ವರ್ಷವೆಲ್ಲ ಅವನು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಕಮಲಾಪುರ ಬಂತು, ಬಸ್ಸು ಅಲ್ಲಿಗೇ ಕೊನೆ. ಇಳಿಯುವವರೆಲ್ಲ ಇಳಿದರು. ನಾನು ಎಬ್ಬಿಸಲು ಕೈ ಎತ್ತಿದೆ. ಡ್ರೈವರ್ ಹಿಂತಿರುಗಿ ನೋಡಿ ಬೇಡವೆಂದು ಸನ್ನೆ ಮಾಡಿದ. “ಮಲಗಲಿ ಬಿಡ್ರಿ, ಅವ್ವಾ. ನಾ ಒಂದು ಚಹಾ ಕುಡ್ದು ಬರ್ತೀನಿ” ಎಂದು ಎಂಜಿನ್ ಆರಿಸಿ, ಇಳಿದು, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದ.